"ಗೊತ್ತಿಲ್ಲ" ಅನ್ನೋ ಹಕ್ಕು ನಮ್ಮ ಮಕ್ಕಳಿಗೂ ಇದೆ



ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗಿಂದ ಫೋನು ನಿಂತಿಲ್ಲ. "ಅಣ್ಣಾ, ಮಗಳು ಪಾಸಾಗವಳೆ, ಯಾವುದಕ್ಕೆ ಸೇರ್ಸದು?" ಅಂತಾರೆ. ಮಗೂಗೆ ಫೋನ್ ಕೊಡಿ ಅಂದ್ರೆ ಆ ಕಡೆಯಿಂದ ಒಂದೇ ಮಾತು: "ಗೊತ್ತಿಲ್ಲ ಅಣ್ಣಾ." ಹದಿನಾರು ವರ್ಷದ ಮಗುವಿಗೆ ಮುಂದೆ ತಾನು ಏನಾಗಬೇಕು ಅಂತ ಗೊತ್ತಿಲ್ಲದೆ ಇರೋದು ಸಹಜ. ನನ್ನ ಸಿಟ್ಟು ಆ ಮಗುವಿನ ಮೇಲಲ್ಲ. ಆ "ಗೊತ್ತಿಲ್ಲ" ಅನ್ನೋ ಮಾತಿಗೆ ಈ ಸಮಾಜ ಜಾತಿ ನೋಡಿ ಎರಡು ಅರ್ಥ ಮಾಡ್ಕೊಳುತ್ತಲ್ಲ, ಅದರ ಮೇಲೆ.

ಊರಿನ ಡಾಕ್ಟರ ಮಗ ಗೊತ್ತಿಲ್ಲ ಅಂದ್ರೆ ಅವನಿಗೆ ಪಿಸಿಎಂಬಿ. ಗಣಿತದಲ್ಲಿ 55 ಬಂದಿದ್ರೂ ಸರಿ. "ಸದ್ಯಕ್ಕೆ ತಗೊಂಡಿರ್ಲಿ, ಎಲ್ಲಾ ಕಡೆ ದಾರಿ ಇರುತ್ತೆ, ಆಮೇಲೆ ನೋಡ್ಕೊಂಡ್ರಾಯ್ತು" ಅಂತಾರೆ ದೊಡ್ಡವರು. ನಮ್ಮ ಕೇರಿ ಹುಡುಗಿ ಅದೇ ಗಣಿತದಲ್ಲಿ 80 ತಗೊಂಡು ಗೊತ್ತಿಲ್ಲ ಅಂದ್ರೆ ಅವಳಿಗೆ ಸಿಗೋ ಉತ್ತರ ಬೇರೆ. "ಏನಾಗ್ಬೇಕು ಅಂತಲೇ ಗೊತ್ತಿಲ್ದೆ ಇದ್ಮೇಲೆ ಸೈನ್ಸ್ ಯಾಕಮ್ಮಾ ನಿಂಗೆ? ಆರ್ಟ್ಸ್ ತಗೋ, ಸುಲಭ. ಸ್ಕಾಲರ್‌ಶಿಪ್ಪೂ ಬರುತ್ತೆ." ಸ್ಕಾಲರ್‌ಶಿಪ್ ಸೈನ್ಸಿಗೂ ಬರುತ್ತೆ ಸ್ವಾಮಿ, ಅದನ್ನ ಯಾಕೆ ಹೇಳಲ್ಲ?

ನಾನು ಪಿಯುಸಿ ಸೇರೋಕೆ ಹೋದಾಗ (ಕಾಲೇಜಿನ ಹೆಸರು ಬೇಡ) ಗುಮಾಸ್ತ ನನ್ನ ಫಾರಂನಲ್ಲಿ ಜಾತಿ ಕಾಲಂ ನೋಡಿದ, ಕಾಂಬಿನೇಷನ್ ಕಾಲಂನಲ್ಲಿ ತಾನೇ ಎಚ್‌ಇಪಿಎಸ್ ಅಂತ ಬರೆದ. ನನ್ನನ್ನ ಕೇಳಲಿಲ್ಲ. ಪಕ್ಕದಲ್ಲಿ ಟವೆಲ್ಲನ್ನ ಕಂಕುಳಿಗೆ ಸೇರಿಸ್ಕೊಂಡು ನಿಂತಿದ್ದ ನಮ್ಮಪ್ಪನ್ನೂ ಕೇಳಲಿಲ್ಲ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ನಾನು ಇಷ್ಟಪಟ್ಟೇ ಓದಿದೆ, ಅದು ಬೇರೆ ಮಾತು. ಆದ್ರೆ ನನಗೆ ಇಷ್ಟ ಆಗುತ್ತೆ ಅಂತ ಅವನೇನು ಕನಸು ಕಂಡಿದ್ನಾ?

ಇದು ಹೊಸದೇನಲ್ಲ. ಬಾಬಾಸಾಹೇಬರು ಬಾಂಬೆಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಸಂಸ್ಕೃತ ಓದಬೇಕು ಅಂತ ಆಸೆಪಟ್ಟರು. ಅಸ್ಪೃಶ್ಯರ ಹುಡುಗನಿಗೆ ಸಂಸ್ಕೃತ ಇಲ್ಲ ಅಂದ್ರು, ಪರ್ಷಿಯನ್ ತಗೋಬೇಕಾಯ್ತು. 1907ರಲ್ಲಿ ಅವರು ಮೆಟ್ರಿಕ್ ಪಾಸಾಗಿದ್ದು ಹಾಗೆ. ಮುಂದೆ ಸಂಸ್ಕೃತವನ್ನ ತಾವೇ ಕಲಿತರು. ಯಾರು ಯಾವ ವಿಷಯ ಓದಬಹುದು ಅನ್ನೋ ತೀರ್ಮಾನ ಈ ದೇಶದಲ್ಲಿ ಯಾವತ್ತೂ ಬರೀ ಮಾರ್ಕ್ಸಿನ ಮೇಲೆ ಆಗಿಲ್ಲ.

ಈಗ ನಿಯಮ ನೋಡಿ. ಸೈನ್ಸ್ ಓದಿದವರು ಪಿಯುಸಿ ಆದಮೇಲೆ ಬಿಎ ಸೇರಬಹುದು, ಬಿಕಾಂ ಸೇರಬಹುದು, ಐದು ವರ್ಷದ ಲಾ ಸೇರಬಹುದು. ಆರ್ಟ್ಸ್ ಓದಿದವರು ಇಂಜಿನಿಯರಿಂಗ್, ಮೆಡಿಕಲ್, ಬಿಎಸ್ಸಿ ನರ್ಸಿಂಗ್, ಫಾರ್ಮಸಿ, ಬಿಎಸ್ಸಿ ಅಗ್ರಿ ಕಡೆ ತಲೆ ಹಾಕೋ ಹಾಗಿಲ್ಲ. ಇದು ಒನ್‌ವೇ ರಸ್ತೆ. ಹಾಗಾಗಿ ಏನೂ ತೀರ್ಮಾನ ಮಾಡದ ಮಗುವನ್ನ ಸುಲಭ ಅಂತ ಆರ್ಟ್ಸಿಗೆ ಹಾಕಿದ್ರೆ, ಆ ಮಗುವಿನ ತೀರ್ಮಾನವನ್ನ ನೀವೇ ಮಾಡಿ ಮುಗಿಸಿದ ಹಾಗೆ.

ಮೀಸಲಾತಿ ಬಗ್ಗೆ ನಾವು ರಸ್ತೆಗಿಳಿದು ಹೋರಾಡ್ತೀವಿ. 2022ರಲ್ಲಿ ರಾಜ್ಯದಲ್ಲಿ ಪರಿಶಿಷ್ಟ ಜಾತಿ ಮೀಸಲಾತಿ ಶೇ 15ರಿಂದ 17ಕ್ಕೆ, ಪಂಗಡದ್ದು 3ರಿಂದ 7ಕ್ಕೆ ಏರಿತು. ಇಂಜಿನಿಯರಿಂಗ್ ಸೇರೋಕೆ ಜನರಲ್‌ನವರಿಗೆ ಪಿಯುಸಿಯಲ್ಲಿ ಶೇ 45 ಬೇಕು, ನಮ್ಮವರಿಗೆ 40 ಸಾಕು. ಸಂತೋಷ. ಆದ್ರೆ ಫಿಸಿಕ್ಸು, ಮ್ಯಾಥ್ಸು ಓದದೆ ಇದ್ದವರಿಗೆ ಆ ಸೀಟು ಇದ್ದರೇನು, ಬಿಟ್ಟರೇನು? ಹದಿನಾರನೇ ವಯಸ್ಸಿಗೆ ಗುಮಾಸ್ತನ ಪೆನ್ನು ಆ ಹುಡುಗಿಯನ್ನ ಕ್ಯೂನಿಂದಲೇ ಆಚೆ ಕಳಿಸಿರುತ್ತೆ.

ಇಲ್ಲಿ ನಮ್ಮ ಸಂಗಾತಿಗಳ ಜೊತೆಗೂ ನನ್ನ ಜಗಳ ಇದೆ. "ಆರ್ಟ್ಸ್ ಓದಿದ್ರೆ ವೈಚಾರಿಕತೆ ಬರುತ್ತೆ, ಚಳವಳಿಗೆ ಹುಡುಗರು ಬೇಕು" ಅಂತ ವೇದಿಕೆ ಮೇಲೆ ಹೇಳೋರಿದ್ದಾರೆ. ಬಾಬಾಸಾಹೇಬರು 1912ರಲ್ಲಿ ಅರ್ಥಶಾಸ್ತ್ರ, ರಾಜ್ಯಶಾಸ್ತ್ರದಲ್ಲಿ ಬಿಎ ಮಾಡಿದ್ದನ್ನೇ ಉದಾಹರಣೆ ಕೊಡ್ತಾರೆ. ರೂಪಾಯಿಯ ಸಮಸ್ಯೆ ಬಗ್ಗೆ ಲಂಡನ್ನಿನಲ್ಲಿ ಪ್ರಬಂಧ ಮಂಡಿಸಿದ ಮನುಷ್ಯ ಅದನ್ನ ಸುಲಭ ಅಂತ ತಗೊಂಡ್ರಾ? ಹೀಗೆ ಹೇಳೋರ ಸ್ವಂತ ಮಕ್ಕಳು ಬೆಂಗಳೂರಲ್ಲಿ ಏನು ಓದ್ತಿದ್ದಾರೆ ಅಂತ ಒಂದ್ಸಲ ವಿಚಾರಿಸಿ. ನಾನು ವಿಚಾರಿಸಿದೀನಿ, ಹೆಸರು ಬರೆಯಲ್ಲ.

ಹಾಗಂತ ಎಲ್ಲರನ್ನೂ ಸೈನ್ಸಿಗೆ ತಳ್ಳಿ ಅಂತ ನಾನು ಹೇಳ್ತಿಲ್ಲ. ಅದರಲ್ಲೂ ಒಂದು ಮೋಸ ಇದೆ. ಹತ್ತು ವರ್ಷ ಕನ್ನಡ ಮೀಡಿಯಂನಲ್ಲಿ ಓದಿದ ಮಗು. ಬಲ, ವೇಗ, ದ್ಯುತಿಸಂಶ್ಲೇಷಣೆ ಅಂತ ಕಲಿತಿರುತ್ತೆ. ಜೂನ್‌ನಲ್ಲಿ ಕ್ಲಾಸಿಗೆ ಹೋಗಿ ಕೂತ್ರೆ ಎಲ್ಲವೂ ಇಂಗ್ಲಿಷ್. ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ಮೊದಲ ಟೆಸ್ಟಲ್ಲಿ ಸಿಂಗಲ್ ಡಿಜಿಟ್ ಬರುತ್ತೆ. "ನಾನು ಹೇಳಿರಲಿಲ್ವಾ" ಅಂತ ಮೇಷ್ಟ್ರು ಅಂತಾರೆ. ಮಗು ಮನೆಗೆ ಬಂದು ಅವ್ವನ ಹತ್ರ "ನಂಗೆ ತಲೆ ಇಲ್ಲ" ಅನ್ನುತ್ತೆ. ಎಷ್ಟೋ ಮಕ್ಕಳು ದಸರಾ ರಜೆಗೆ ಊರಿಗೆ ಬಂದವರು ವಾಪಸ್ ಹೋಗಲ್ಲ. ಆ ಮಗುವಿಗೆ ತಲೆ ಇತ್ತು. ಇಲ್ಲದೆ ಇದ್ದಿದ್ದು ಮೂರು ತಿಂಗಳ ಭಾಷೆಯ ಸಹಾಯ, ಕೂತು ಹೇಳಿಕೊಡೋ ಒಬ್ಬ ಅಕ್ಕನೋ ಅಣ್ಣನೋ. ಊರಿನ ಬೇರೆ ಮಕ್ಕಳಿಗೆ ಅದನ್ನ ಟ್ಯೂಷನ್ ಅಂತ ದುಡ್ಡು ಕೊಟ್ಟು ತರ್ತಾರೆ. ನಮ್ಮ ಹಾಸ್ಟೆಲಲ್ಲಿ ಸಂಜೆ ಒಂದು ಟ್ಯೂಷನ್ ಕೊಡ್ಸಿ ಅಂದ್ರೆ ವಾರ್ಡನ್ ಮೇಲೆ ಕೈ ತೋರಿಸ್ತಾರೆ.

ಇನ್ನೊಂದು, ಬೋರ್ಡಲ್ಲಿ ವಿಜ್ಞಾನ ವಿಭಾಗ ಅಂತ ಬರೆದಿರುತ್ತೆ, ಒಳಗೆ ಫಿಸಿಕ್ಸ್ ಲೆಕ್ಚರರ್ ಇರಲ್ಲ. ಅತಿಥಿ ಉಪನ್ಯಾಸಕರು ಯಾವಾಗ ಬರ್ತಾರೋ ಗೊತ್ತಿಲ್ಲ, ಲ್ಯಾಬಿಗೆ ಬೀಗ. ಅಲ್ಲಿಗೆ ಮಗುವನ್ನ ಸೇರಿಸಿ ಫೇಲಾದಮೇಲೆ "ಇವರಿಗೆ ಸೈನ್ಸ್ ಆಗಲ್ಲ" ಅನ್ನೋದು ಎಂಥಾ ನ್ಯಾಯ?

ಆದ್ದರಿಂದ ಏನೂ ಗೊತ್ತಿಲ್ಲದ ಮಗುವಿಗೆ ನಾನು ಹೇಳೋದು ಇಷ್ಟು. ಏನಾಗಬೇಕು ಅಂತ ನಿನ್ನನ್ನ ಹಿಂಸೆ ಮಾಡ್ಕೋಬೇಡ. ಯಾವ ಪಾಠ ಓದುವಾಗ ಟೈಮು ಹೋಗಿದ್ದು ಗೊತ್ತಾಗ್ಲಿಲ್ಲ ಅಂತ ಯೋಚನೆ ಮಾಡು. ಗಣಿತ ಕೈಗೆ ಹತ್ತುತ್ತೆ ಅನ್ಸಿದ್ರೆ ಗಣಿತ ಬಿಡ್ಬೇಡ. ಸೈನ್ಸಲ್ಲೂ ಇದೆ, ಕಾಮರ್ಸ್‌ನಲ್ಲಿ ಬೇಸಿಕ್ ಮ್ಯಾಥ್ಸ್ ಇರೋ ಕಾಂಬಿನೇಷನ್ ಕೆಲವು ಕಾಲೇಜಲ್ಲಿ ಸಿಗುತ್ತೆ. ಕಾಮರ್ಸ್ ಅಂದ್ರೆ ಅಂಗಡಿ ಇಟ್ಟೋರ ಮಕ್ಕಳಿಗೆ ಅಂತ ನಮ್ಮೋರು ತಿಳ್ಕೊಂಡಿದ್ದಾರೆ. ಲೆಕ್ಕ ಬರೆಯೋ ಕೆಲಸ ಎಷ್ಟು ದಿನ ಬೇರೆಯವರಿಗೇ ಬಿಡೋಣ? ಆರ್ಟ್ಸ್ ಇಷ್ಟವಾದ್ರೆ ತಲೆ ಎತ್ತಿ ತಗೋ, ಲಾ ಇದೆ, ಯಾವ ಡಿಗ್ರಿ ಆದ್ರೂ ಕೆಎಎಸ್ ಬರೀಬಹುದು. ಇಂಗ್ಲಿಷ್ ಮಾತ್ರ ಬಿಡ್ಬೇಡ. ಡಿಪ್ಲೊಮಾ ಸೇರಿದ್ರೂ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಇಂಜಿನಿಯರಿಂಗಿಗೆ ಹೋಗಬಹುದು, ಅದು ಮುಚ್ಚಿದ ದಾರಿ ಅಲ್ಲ.

ಅಪ್ಪ ಅವ್ವಂದಿರು ಕಾಲೇಜಿಗೆ ಹೋದಾಗ ಫೀಸು ಎಷ್ಟು ಅಂತ ಕೇಳೋಕೆ ಮುಂಚೆ ಲೆಕ್ಚರರ್ ಇದ್ದಾರಾ ಕೇಳಿ. ಅಲ್ಲೇ ಓದ್ತಿರೋ ಸೆಕೆಂಡ್ ಪಿಯುಸಿ ಮಕ್ಕಳನ್ನ ಕೇಳಿ, ಅವರು ಸುಳ್ಳು ಹೇಳಲ್ಲ. ಕಾಂಬಿನೇಷನ್ ಕಾಲಂನ ನಿಮ್ಮ ಮಗುವಿನ ಕೈಯಲ್ಲೇ ತುಂಬಿಸಿ. ಸೇರಿದಮೇಲೆ ಬೇಡ ಅನ್ಸಿದ್ರೆ ಮೊದಲ ವಾರಗಳಲ್ಲೇ ಪ್ರಿನ್ಸಿಪಾಲರಿಗೆ ಲಿಖಿತ ಅರ್ಜಿ ಕೊಟ್ಟು ಬದಲಾವಣೆ ಕೇಳಿ. ಬಾಯಿಮಾತಲ್ಲಿ ಕೇಳಿದ್ರೆ ಬಾಯಿಮಾತಲ್ಲೇ ಓಡಿಸ್ತಾರೆ.

ಸಮಾಜ ಕಲ್ಯಾಣ ಇಲಾಖೆಗೆ ಮನವಿ ಬರೆದಾಗಿದೆ: ಮೆಟ್ರಿಕ್ ನಂತರದ ಹಾಸ್ಟೆಲುಗಳಲ್ಲಿ ಜೂನ್‌ನಿಂದಲೇ ಕನ್ನಡ ಮೀಡಿಯಂ ಮಕ್ಕಳಿಗೆ ಸಂಜೆ ಸೈನ್ಸ್ ಕ್ಲಾಸು, ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜಿಗೆ ಪೂರ್ತಿ ಲೆಕ್ಚರರ್‌ಗಳು. ಸಹಿ ಹಾಕೋರು ಕಾಮೆಂಟಲ್ಲಿ ನಿಮ್ಮ ತಾಲ್ಲೂಕಿನ ಹೆಸರು ಹಾಕಿ.

ಸೋಮವಾರ ಬೆಳಗ್ಗೆ ಹತ್ತಕ್ಕೆ ನಾವು ನಾಲ್ಕು ಜನ ನಮ್ಮ ತಾಲ್ಲೂಕು ಕಾಲೇಜಿನ ಗೇಟ್ ಹತ್ರ ಇರ್ತೀವಿ. ಫಾರಂ ತುಂಬೋಕೆ ಬರೋರು ಮಾರ್ಕ್ಸ್ ಕಾರ್ಡು, ಟಿಸಿ, ಆಧಾರ್, ಆರ್‌ಡಿ ನಂಬರ್ ಇರೋ ಜಾತಿ ಮತ್ತು ಆದಾಯ ಪ್ರಮಾಣಪತ್ರ ತನ್ನಿ. ಮಗೂನೂ ಕರ್ಕೊಂಡು ಬನ್ನಿ.