ಬಾರದ ಮಗಳು

ಧಾರವಾಡದಲ್ಲಿ ನಮ್ಮ ತಾಯಿಯವರು ತೀರಿಕೊಂಡಾಗ ಅಮೆರಿಕದಲ್ಲಿದ್ದ ನನ್ನ ಮಗಳು ಬರಲಿಲ್ಲ. ಅದಕ್ಕೂ ವಾರದ ಹಿಂದೆ ಅವಳು ನ್ಯೂಜೆರ್ಸಿಯಿಂದ ಟೆಕ್ಸಾಸಿಗೆ ಹೋಗಿ ನಾದಿನಿಯ ಮದುವೆಯಲ್ಲಿ ಓಡಾಡಿದ ಚಿತ್ರಗಳನ್ನು ಬಂಧುಗಳೆಲ್ಲ ನೋಡಿದ್ದರು. ‘ಅಲ್ಲಿಗೆ ಹೋಗಲು ಬರುತ್ತದೆ, ಅಜ್ಜಿಯ ಮುಖ ನೋಡಲು ಬರುವುದಿಲ್ಲವೇ?’ ಎಂದರು.

ಓದಲು ಹೋದವಳು ಅಲ್ಲಿಯ ಪ್ರಜೆಯೊಬ್ಬನನ್ನು ವರಿಸಿ, ಕಾಯಂ ವಾಸದ ಅರ್ಜಿ ಸಲ್ಲಿಸಿ ಕಾದಿದ್ದಳು. ಅಂಥವರಿಗೆ ದೇಶದೊಳಗಣ ಪ್ರಯಾಣಕ್ಕೆ ಅಡ್ಡಿಯಿಲ್ಲ. ಮುಂಗಡ ಅನುಮತಿಯಿಲ್ಲದೆ ಹೊರಗೆ ಕಾಲಿಟ್ಟರೆ ಮಾತ್ರ ಅರ್ಜಿಯನ್ನೇ ಕೈಬಿಟ್ಟಂತೆ. ಐ-131 ನಮೂನೆಯಲ್ಲಿ ಕೇಳಿದ್ದ ಆ ಅನುಮತಿ ಇನ್ನೂ ಬಂದಿರಲಿಲ್ಲ. ಒಳನಾಡಿನ ಓಡಾಟವಾದರೂ ನಿಶ್ಚಿಂತೆಯದೆ? 18 ದಾಟಿದ ವಿದೇಶೀಯರು ನೋಂದಣಿಯ ದಾಖಲೆಯನ್ನು ಸದಾ ಜೊತೆಗಿಟ್ಟುಕೊಳ್ಳಬೇಕೆಂಬುದು ಅಲ್ಲಿಯ ಕಾನೂನು. ದಕ್ಷಿಣ ಟೆಕ್ಸಾಸಿನ ಹೆದ್ದಾರಿಗಳಲ್ಲಿ ಗಡಿ ಪಡೆಯ ತಪಾಸಣೆಯುಂಟು. ಮದುವೆಮನೆಯಲ್ಲೂ ಅವಳ ಕೈಚೀಲದಲ್ಲಿ ಪಾಸ್‌ಪೋರ್ಟು, ಅರ್ಜಿಯ ರಶೀದಿ ಇದ್ದವು.

ರೈಲಿನ ಟಿಕೀಟೊಂದನ್ನೇ ಹಿಡಿದು ಮುಂಬಯಿಗೆ ಬಂದವರು ನಾವು. ಸಂವಿಧಾನದ 19ನೆಯ ವಿಧಿ ಕೊಟ್ಟ ಈ ಸಂಚಾರ ಸ್ವಾತಂತ್ರ್ಯವನ್ನು ಹಕ್ಕೆಂದು ಎಂದಾದರೂ ಎಣಿಸಿದ್ದೇವೆಯೆ? ಆದ್ದರಿಂದಲೇ ಬರಲಾಗದವರ ಸಂಕಟ ನಮಗೆ ನೆಪವಾಗಿ ಕಾಣುತ್ತದೆ. ‘ಎಂದು ಬರುತ್ತೀ?’ ಎಂದು ಮಕ್ಕಳನ್ನು ಪೀಡಿಸುವ ಮೊದಲು ‘ಅನುಮತಿ ಬಂತೆ?’ ಎಂದು ಕೇಳುವಷ್ಟಾದರೂ ನಾವು ತಿಳಿದಿರಬೇಡವೆ? ನಾನೂ ಅಂದು ಕೇಳಿದ್ದು ಮೊದಲನೆಯದನ್ನೇ.