ಕಡಲಿಲ್ಲದ ಜಿಲ್ಲೆಗೂ ಕಡಲಿನ ಹೊಣೆ

ಕರ್ನಾಟಕದ ಕರಾವಳಿ ಸುಮಾರು 320 ಕಿ.ಮೀ., ಅದು ಮೂರು ಜಿಲ್ಲೆಗಳಲ್ಲಿ ಹರಡಿದೆ ಎಂಬುದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ಬಾಯಿಪಾಠ. ಆ ಮೂರರಲ್ಲಿ ರಾಯಚೂರು ಇಲ್ಲ. ಹಾಗಾಗಿ ಅಳಿವೆ, ಕಾಂಡ್ಲಾ ಕಾಡು, ಕಡಲ್ಕೊರೆತ ಎಂದರೆ ಎರಡು ಅಂಕದ ಪ್ರಶ್ನೆ ಎಂದುಕೊಂಡು ಮುಂದೆ ಹೋಗುತ್ತೇವೆ. ಗಿಲ್ಲೆಸುಗೂರಿನಲ್ಲಿ ಬೆಳೆದ ನನಗೆ ಇದು ಸರಿ ಅನ್ನಿಸುವುದಿಲ್ಲ. ನಮ್ಮ ಜಿಲ್ಲೆಯ ಒಂದು ಅಂಚಿಗೆ ಕೃಷ್ಣೆ, ಇನ್ನೊಂದು ಅಂಚಿಗೆ ತುಂಗಭದ್ರೆ. ಎರಡೂ ಮುಂದೆ ಕೂಡಿ, ಆಂಧ್ರದ ಹಂಸಲದೀವಿ ಬಳಿ ಬಂಗಾಳ ಕೊಲ್ಲಿ ಸೇರುತ್ತವೆ. ಅಲ್ಲಿನ ಮುಖಜ ಭೂಮಿ, ಅದರ ಮೇಲಿನ ಕಾಂಡ್ಲಾ ಕಾಡು ಎಲ್ಲವೂ ಈ ನದಿಗಳು ಹೊತ್ತು ತಂದ ಮಣ್ಣಿನ ಮೇಲೆ ನಿಂತಿವೆ.

ಆ ಮಣ್ಣು ಈಗ ಕಡಲಿಗೆ ಮೊದಲಿನಷ್ಟು ತಲುಪುತ್ತಿಲ್ಲ. ಅಣೆಕಟ್ಟುಗಳಲ್ಲಿ ಹೂಳಾಗಿ ನಿಲ್ಲುವುದೇ ಹೆಚ್ಚು. ಉಳಿದ ಮರಳನ್ನು ದೇವದುರ್ಗ, ಮಾನ್ವಿ ಭಾಗದ ನದಿ ದಂಡೆಗಳಿಂದ ಟಿಪ್ಪರ್‌ಗಳು ಹೊತ್ತೊಯ್ಯುವುದು ನಮಗೆ ಹೊಸದಲ್ಲ. ಮರಳು ಸಿಗದ ದಂಡೆಯನ್ನು ಕಡಲು ಕೊರೆಯುತ್ತದೆ.

ಹಾಳಾದ ಕರಾವಳಿಯನ್ನು ಮತ್ತೆ ಕಟ್ಟಬಹುದೇ? ಕಟ್ಟಬಹುದು ಎನ್ನುವುದಕ್ಕೆ ತಮಿಳುನಾಡಿನ ಪಿಚ್ಚಾವರಂ ಸಾಕ್ಷಿ. ಅಲ್ಲಿನ ಕಾಂಡ್ಲಾ ಕಾಡು ಸೊರಗಿದಾಗ ಸೌದೆ ಕಡಿಯುವವರ, ದನ ಮೇಯಿಸುವವರ ಮೇಲೆ ಎಲ್ಲರೂ ಬೊಟ್ಟು ಮಾಡಿದ್ದರು. ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದ ಅಧ್ಯಯನ ಬೇರೆಯದೇ ಕಾರಣ ಹೇಳಿತು. ಹಿಂದೆ ಸರ್ಕಾರದ ಯೋಜನೆಯಂತೆಯೇ ಕಾಡನ್ನು ಪಟ್ಟಿಪಟ್ಟಿಯಾಗಿ ಕಡಿಯಲಾಗಿತ್ತು. ಬಯಲಾದ ನೆಲ ಕುಸಿದು ತಗ್ಗಾಯಿತು. ಉಬ್ಬರದ ನೀರು ಅಲ್ಲೇ ನಿಂತು, ಆವಿಯಾಗಿ, ಉಪ್ಪು ಮಾತ್ರ ಉಳಿಯಿತು. ಆ ನೆಲದಲ್ಲಿ ಎಷ್ಟು ಸಸಿ ನೆಟ್ಟರೂ ಏನು ಪ್ರಯೋಜನ?

ಹಾಗಾಗಿ ಮೊದಲು ನೀರಿಗೆ ದಾರಿ ಮಾಡಿದರು. ಮೀನಿನ ಬೆನ್ನೆಲುಬು, ಮುಳ್ಳುಗಳ ಹಾಗೆ ಒಂದು ದೊಡ್ಡ ಕಾಲುವೆ, ಅದರಿಂದ ಎರಡೂ ಕಡೆಗೆ ಸಣ್ಣ ಕಾಲುವೆಗಳನ್ನು ತೋಡಿದರು. ಉಬ್ಬರ ಇಳಿತದ ನೀರು ಹರಿದಾಡಿ ಉಪ್ಪು ತೊಳೆದುಹೋದ ಮೇಲೆ ಸಸಿಗಳು ಬೇರುಬಿಟ್ಟವು. ನೆಲ ಅರಣ್ಯ ಇಲಾಖೆಯದು, ವಿದ್ಯೆ ಪ್ರತಿಷ್ಠಾನದ್ದು, ಕಾವಲು ಮತ್ತು ದುಡಿಮೆ ಊರಿನವರದು. ಇದೇ ಕ್ರಮವನ್ನು ನಮ್ಮ ಕೃಷ್ಣೆಯ ಮುಖಜ ಭೂಮಿಗೂ ಒಯ್ದರು. 2004ರ ಸುನಾಮಿಯಲ್ಲಿ ಪಿಚ್ಚಾವರಂ ಕಾಡಿನ ಹಿಂದಿದ್ದ ಊರುಗಳಿಗೆ ಆದ ಹಾನಿ ಕಡಿಮೆ.

ತುಂಗಭದ್ರಾ ಎಡದಂಡೆ ನಾಲೆಯ ಕೆಳಗಿನ ರೈತರ ಮಕ್ಕಳಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ನೀರು ನಿಂತು ಜವಳಾಗಿ, ಉಪ್ಪೇರಿ ಸವಳಾದ ಗದ್ದೆಗಳನ್ನು ಸಿಂಧನೂರು, ಮಾನ್ವಿಯಲ್ಲಿ ನೋಡಿಯೇ ಬೆಳೆದಿದ್ದೇವೆ. ಬಸಿಗಾಲುವೆ ತೆಗೆದು ಅಂಥ ನೆಲವನ್ನು ಸರಿಪಡಿಸುವ ವಿದ್ಯೆಯನ್ನು ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ನಮ್ಮ ಗೆಳೆಯರೇ ಕಲಿಯುತ್ತಿದ್ದಾರೆ. ನೆಲದ ಮಟ್ಟ ಅಳೆಯುವುದು, ಉಪ್ಪಿನಂಶ ಪರೀಕ್ಷಿಸುವುದು, ಉಪಗ್ರಹ ನಕ್ಷೆ ಓದುವುದು ಕರಾವಳಿಗೂ ಬೇಕಾದ ಕೆಲಸಗಳೇ.

ಹಣಕ್ಕೂ ದಾರಿಗಳಿವೆ. ಕೇಂದ್ರ ಸರ್ಕಾರ 2023ರಲ್ಲಿ ‘ಮಿಷ್ಟಿ’ ಯೋಜನೆ ತಂದು, ಐದು ವರ್ಷಗಳಲ್ಲಿ ಸುಮಾರು 540 ಚದರ ಕಿ.ಮೀ. ಕಾಂಡ್ಲಾ ಬೆಳೆಸುವ ಗುರಿ ಇಟ್ಟುಕೊಂಡಿತು. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು, ಪರಿಸರವೂ ಅದರಲ್ಲಿದೆ. ನನ್ನ ಆತಂಕ ಇರುವುದು ಲೆಕ್ಕ ಇಡುವ ರೀತಿಯಲ್ಲಿ. ಟೀ ಶರ್ಟ್ ಹಾಕಿ ಸಸಿ ನೆಟ್ಟು, ಫೋಟೊ ತೆಗೆಸಿಕೊಂಡರೆ ವರದಿ ಮುಗಿಯುತ್ತದೆ. ನೆಟ್ಟ ದಿನದ ಸಂಖ್ಯೆ ಬೇಡ, ಐದು ವರ್ಷದ ನಂತರ ಬದುಕಿರುವ ಗಿಡಗಳ ಸಂಖ್ಯೆ ಕೊಡಿ ಎಂದು ಸರ್ಕಾರ ಕರಾರಿನಲ್ಲೇ ಬರೆಯಬೇಕು. ಆ ಲೆಕ್ಕವನ್ನು ಊರಿನ ಸಮಿತಿ ಒಪ್ಪಿದ ಮೇಲೆಯೇ ಕೊನೆಯ ಕಂತು ಬಿಡುಗಡೆಯಾಗಬೇಕು.

ಊರಿನವರೇ ಏಕೆ? ಕುಮಟಾದ ಅಘನಾಶಿನಿ ಅಳಿವೆ ನೋಡಿ. 2024ರಲ್ಲಿ ಅದು ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿ ಬಳಚು ಹೆಕ್ಕಿ, ಮೀನು ಹಿಡಿದು ಸಾವಿರಾರು ಕುಟುಂಬಗಳು ಬದುಕುತ್ತಿವೆ. ಗಜನಿ ಭೂಮಿಯಲ್ಲಿ ರೈತರು ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಅಳಿವೆ ಕೆಟ್ಟರೆ ಮೊದಲು ಹಸಿಯುವ ಹೊಟ್ಟೆ ಅವರದು. ಅಧಿಕಾರಿಗೆ ವರ್ಗಾವಣೆಯಾಗುತ್ತದೆ, ಕಂಪನಿಯ ಯೋಜನೆ ಮುಗಿಯುತ್ತದೆ. ಅವರು ಅಲ್ಲೇ ಇರುತ್ತಾರೆ.

ನಮ್ಮ ಕಡೆಯ ಎಷ್ಟೋ ಯುವಕರು ದುಡಿಯಲು ಮಂಗಳೂರು, ಉಡುಪಿಗೆ ಹೋಗುತ್ತಾರೆ. ಕಡಲು ಅವರಿಗೂ ಅನ್ನ ಕೊಡುತ್ತಿದೆ. ಕೈಯಲ್ಲಿ ಡಿಗ್ರಿ ಇರುವವರು ಗಾರೆ ಕೆಲಸದ ಆಚೆಗೂ ಆ ಕರಾವಳಿಯ ಕಡೆ ನೋಡಲಿ. ಮಣ್ಣು ಪರೀಕ್ಷೆ, ನಕ್ಷೆ, ಲೆಕ್ಕಪತ್ರ ಬಲ್ಲವರು ಇಂಥ ಯೋಜನೆಗಳಿಗೆ ಬೇಕೇ ಬೇಕು. ಊರಲ್ಲೇ ಉಳಿಯುವ ನಾವು ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ದಂಡೆಯಿಂದ ಎಷ್ಟು ಮರಳು ಹೋಯಿತು, ಯಾರ ಪರವಾನಗಿಯಲ್ಲಿ ಹೋಯಿತು ಎಂದು ಕೇಳೋಣ. ಕಡಲು ಕಾಯುವ ಕೆಲಸದಲ್ಲಿ ರಾಯಚೂರಿನ ಪಾಲು ಅಲ್ಲಿಂದಲೇ ಶುರುವಾಗುತ್ತದೆ.