ಮಾಲ್ಗುಡಿ ಯಾವ ತಾಲೂಕು?

ಇಲ್ಲದ ಊರಿನ ಎಲ್ಲೆಗಾಗಿ ಇರುವ ಜನ ಕಾದಾಡುವುದನ್ನು ವಾಚಕರು ಕಂಡಿರುವರೋ ಇಲ್ಲವೋ ನಾವರಿಯೆವು. ನಾವಂತೂ ಕಳೆದ ದಸರೆಯ ರಜೆಯಲ್ಲಿ, ಆಗುಂಬೆಯ ನಮ್ಮ ಮನೆಯ ಜಗಲಿಯ ಮೇಲೆಯೇ ಕಂಡೆವು. ನೆಂಟರಿಷ್ಟರ ಮಕ್ಕಳು ನಾಲ್ಕು ಊರುಗಳಿಂದ ಬಂದು ಸೇರಿದ್ದರು. ಮಧ್ಯಾಹ್ನ ಹಿಡಿದ ಮಳೆ ಬಿಡುವ ಹಾಗೆ ತೋರಲಿಲ್ಲ. ನಡುವೆ ಹಲಸಿನ ಹಪ್ಪಳದ ತಟ್ಟೆ. ಆರ್. ಕೆ. ನಾರಾಯಣರ ಮಾಲ್ಗುಡಿ ಎಲ್ಲಿದೆ ಎಂಬುದು ವಾದದ ವಿಷಯ.

ನಾರಾಯಣರು 1935ರಲ್ಲಿ ಪ್ರಕಟವಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಈ ಊರನ್ನು ಮೊದಲು ಕಟ್ಟಿದರು. ಅನಂತರದ ಕಾದಂಬರಿಗಳಲ್ಲಿ ಹೆಚ್ಚಿನವು ಅಲ್ಲಿಯೇ ನಡೆಯತಕ್ಕವು. ಸರಯೂ ನದಿ, ಮೆಂಪಿ ಬೆಟ್ಟ, ಮಾರ್ಕೆಟ್ ರಸ್ತೆ, ಕಬೀರ್ ಓಣಿ, ಆಲ್ಬರ್ಟ್ ಮಿಷನ್ ಶಾಲೆ ಇವೆಲ್ಲವೂ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಮುಂದುವರಿಯುತ್ತವೆ. ಆದಕಾರಣ ಓದುವವರಿಗೆ ಆ ಊರಿನ ಮಟ್ಟಿಗೆ ಒಂದು ಬಗೆಯ ಶಾನುಭೋಗಿಕೆಯೇ ಪ್ರಾಪ್ತವಾಗಿಬಿಡುತ್ತದೆ.

ಬೆಂಗಳೂರಿನಿಂದ ಬಂದ ತರುಣನು, ಮಲ್ಲೇಶ್ವರದ ಮೊದಲನ್ನೂ ಬಸವನಗುಡಿಯ ಕೊನೆಯನ್ನೂ ಕೂಡಿಸಿ ಮಾಲ್ಗುಡಿಯನ್ನು ಸಾಧಿಸಿ ತೋರಿಸಿದನು. ಈ ವ್ಯುತ್ಪತ್ತಿಯು ಅಲ್ಲಿ ಬಹಳ ಪ್ರಚಾರದಲ್ಲಿರುವುದು. ಮೂವತ್ತು ವರ್ಷ ವ್ಯಾಕರಣ ಹೇಳಿದ ನಮಗೆ ಈ ಸಂಧಿಗೆ ಯಾವ ಸೂತ್ರವೂ ಹೊಳೆಯಲಿಲ್ಲ. ನಾರಾಯಣರೇ ಬರೆದುಕೊಂಡಿರುವ ಪ್ರಕಾರ, 1930ರಲ್ಲಿ ಅಜ್ಜಿ ಆರಿಸಿಕೊಟ್ಟ ಶುಭದಿನದಂದು ಬೆಂಗಳೂರಿನಲ್ಲಿ ನೋಟುಪುಸ್ತಕವೊಂದನ್ನು ಕೊಂಡು ಬರೆಯಲು ಕುಳಿತಾಗ, ಅವರ ಕಣ್ಣಿಗೆ ಮೊದಲು ಕಟ್ಟಿದ್ದು ಮಾಲ್ಗುಡಿಯ ಸಣ್ಣ ರೈಲುನಿಲ್ದಾಣ. ಊರು ಅದರ ಬೆನ್ನಿಗೆ ಬಂದಿತು.

ಮೈಸೂರಿನಿಂದ ನಮ್ಮ ಮನೆಗೆ ಬಂದ ಸೊಸೆಯು ಇದನ್ನು ಒಪ್ಪಲಿಲ್ಲ. ನಾರಾಯಣರ ತಂದೆ ಮೈಸೂರಿನ ಮಹಾರಾಜಾ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರು, ಮಗ ಓದಿದ್ದು ಮಹಾರಾಜಾ ಕಾಲೇಜಿನಲ್ಲಿ, ಯಾದವಗಿರಿಯ ಅವರ ಮನೆ ಈಗ ವಸ್ತುಸಂಗ್ರಹಾಲಯ. ಇಷ್ಟಿರುವಾಗ ಬೇರೆ ಊರಿನ ಮಾತೇಕೆ ಎಂದಳು. ಆದರೆ ಮದರಾಸಿನಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ನಿಜವಾಗಿ ಗ್ರಂಥವನ್ನು ಬಿಚ್ಚಿದವಳು. ಬೀದಿಗಳ ಹೆಸರು ನೋಡಿರಿ ಎಂದಳು: ಎಲ್ಲಮ್ಮನ್ ಬೀದಿ, ವಿನಾಯಕ ಮುದಲಿ ಬೀದಿ. 1937ರ ‘ಬ್ಯಾಚಲರ್ ಆಫ್ ಆರ್ಟ್ಸ್’ನಲ್ಲಿ ಮನಸ್ಸು ಕೆಟ್ಟ ಚಂದ್ರನ್ ಓಡಿಹೋಗುವುದು ಮದರಾಸಿಗೆ, ಬೆಂಗಳೂರಿಗಲ್ಲ. ಸೀಮೆ ಯಾವುದೆಂದು ಇನ್ನೂ ಹೇಳಬೇಕೆ? ಯಾರೂ ಹೇಳಲಿಲ್ಲ.

ಆಗ ನೆರೆಮನೆಯ ಹತ್ತು ವರ್ಷದ ಪೋರನು ಹಪ್ಪಳ ನುಂಗಿ, “ಸ್ವಾಮಿಯ ಮನೆ ಇಲ್ಲೇ ಉಂಟಲ್ಲ, ದೊಡ್ಡಮನೆ. ಬನ್ನಿ, ತೋರಿಸುತ್ತೇನೆ” ಎಂದು ಎದ್ದು ಕೊಡೆ ಹಿಡಿದನು.

ಪ್ರತ್ಯಕ್ಷ ಪ್ರಮಾಣದ ಮುಂದೆ ಉಳಿದವು ಮಂಕಾಗುವುದು ಸಹಜ. 1986ರಲ್ಲಿ ಶಂಕರನಾಗ್ ಅವರು ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ದೂರದರ್ಶನಕ್ಕಾಗಿ ತೆಗೆದದ್ದು ನಮ್ಮೂರಿನಲ್ಲಿ. ದೊಡ್ಡಮನೆಯೇ ಸ್ವಾಮಿಯ ಮನೆಯಾಯಿತು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದನು, ಗಿರೀಶ ಕಾರ್ನಾಡರು ಅವನ ತಂದೆಯಾದರು, ಎಲ್. ವೈದ್ಯನಾಥನ್ ಅವರ ರಾಗ ಮನೆಮನೆಯಲ್ಲಿಯೂ ಕೇಳಿಸಿತು. ಅಂದಿನಿಂದ ಇಂದಿನವರೆಗೆ ಘಟ್ಟದ ಹದಿನಾಲ್ಕು ತಿರುವುಗಳನ್ನು ಹತ್ತಿ ಬರುವವರಲ್ಲಿ ಎಷ್ಟೋ ಮಂದಿ ಕೇಳುವುದು ಸೂರ್ಯಾಸ್ತವನ್ನಲ್ಲ, ಸ್ವಾಮಿಯ ಮನೆಯನ್ನು.

ಆದರೆ ಆಗುಂಬೆಯ ಪಕ್ಷಕ್ಕೆ ಎರಡು ದೊಡ್ಡ ಬಾಧಕಗಳುಂಟು. ಮಾಲ್ಗುಡಿಯು ಬಿಸಿಲಿನ ಊರು. ಸಾಯಂಕಾಲ ಜನರು ಸರಯುವಿನ ಮರಳ ಮೇಲೆ ಕುಳಿತು ಮಾತಾಡತಕ್ಕವರು. ಇಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ. 1958ರ ‘ಗೈಡ್’ನಲ್ಲಿ ರಾಜು ಮಳೆಗಾಗಿ ಉಪವಾಸ ಕೂರುತ್ತಾನೆ; ಆಗುಂಬೆಯಲ್ಲಿ ಉಪವಾಸ ಕೂರುವುದಾದರೆ ಮಳೆ ನಿಲ್ಲಲೆಂದೇ ಕೂರಬೇಕು. ಎರಡನೆಯದು ರೈಲು. ಯಾವ ನಿಲ್ದಾಣದಿಂದ ಊರೇ ಹುಟ್ಟಿತೋ ಅದು ನಮ್ಮಲ್ಲಿಲ್ಲ. ಶಂಕರನಾಗ್ ಅವರು ಅದಕ್ಕಾಗಿ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳಿಗೆ ಹೋದರು. 2020ರಲ್ಲಿ ಆ ಹಳೆಯ ನಿಲ್ದಾಣವನ್ನು ದುರಸ್ತು ಮಾಡಿ ಮಾಲ್ಗುಡಿ ವಸ್ತುಸಂಗ್ರಹಾಲಯವೆಂದು ತೆರೆದಿದ್ದಾರೆ. ಹೀಗೆ ಸ್ವಾಮಿಯ ಮನೆ ತೀರ್ಥಹಳ್ಳಿ ತಾಲೂಕು, ಅವನ ರೈಲು ಹೊಸನಗರ ತಾಲೂಕು!

ರೈಲಿನ ಮಾತು ಬಂದುದೇ ತಡ, ವಾದವು ಬೇರೆ ಹಳಿ ಹಿಡಿಯಿತು. ‘ಗೈಡ್’ನಲ್ಲಿ ರಾಜು ಹುಡುಗನಾಗಿದ್ದಾಗ ಮಾಲ್ಗುಡಿಗೆ ಹಳಿ ಹಾಕಿದರೆಂದಿದೆ. ಸ್ವಾಮಿಯ ಕಾಲಕ್ಕಾದರೋ ರೈಲು ಆಗಲೇ ಇದೆ. ಆ ಕಥೆಯಲ್ಲಿ 1930ನೆಯ ಆಗಸ್ಟ್ 15 ಎಂದು ತಾರೀಖು ಸಹ ಸ್ಪಷ್ಟವಾಗಿದೆ. ಹಾಗಾದರೆ ರಾಜು ಸ್ವಾಮಿಗಿಂತ ದೊಡ್ಡವನು, ಇಬ್ಬರೂ ಒಂದೇ ಊರಿನವರು, ಮಾರ್ಕೆಟ್ ರಸ್ತೆಯಲ್ಲಿ ಎಂದಾದರೂ ಎದುರಾಗಿರಲೇಬೇಕು ಎಂದು ಮದರಾಸಿನ ಹುಡುಗಿ ಅವರಿಬ್ಬರ ವಯಸ್ಸನ್ನು ಬೆರಳಿನಲ್ಲಿ ಎಣಿಸತೊಡಗಿದಳು. ಬೆಂಗಳೂರಿನ ತರುಣನು ಊರಿನ ಮೂಲವನ್ನೇ ಎತ್ತಿದನು. ‘ಲಾಲಿ ರೋಡ್’ ಕಥೆಯಲ್ಲಿ ಕಾಡು ಕಡಿಸಿ ಊರು ನಿಲ್ಲಿಸಿದವನು ಸರ್ ಫ್ರೆಡರಿಕ್ ಲಾಲಿ ಎಂಬ ದೊರೆ. 1949ರ ‘ಮಿಸ್ಟರ್ ಸಂಪತ್’ನಲ್ಲಿಯಾದರೋ ಶ್ರೀರಾಮನು ಲಂಕೆಗೆ ಹೋಗುವಾಗ ಅಲ್ಲಿ ತಂಗಿ ಬಾಣದಿಂದ ಮರಳಿನಲ್ಲಿ ಗೆರೆ ಎಳೆಯಲು, ಸರಯೂ ಹುಟ್ಟಿತು. ಇವೆರಡರಲ್ಲಿ ಯಾವುದನ್ನು ನಂಬತಕ್ಕದ್ದು?

ನಮ್ಮ ಅಭಿಪ್ರಾಯವನ್ನು ಕೇಳಿದರು. ಮೀಮಾಂಸಕರ ಮತದಲ್ಲಿ ಶ್ರುತಿಗೂ ಸ್ಮೃತಿಗೂ ವಿರೋಧ ಬಂದರೆ ಶ್ರುತಿಯೇ ಬಲವತ್ತರ. ಆ ಲೆಕ್ಕದಲ್ಲಿ ಕಾದಂಬರಿ ಶ್ರುತಿ, ಧಾರಾವಾಹಿ ಸ್ಮೃತಿ, ಆಗುಂಬೆಯು ಸೋತಿತು. ವೈಯಾಕರಣರಾದರೋ ಪಾಣಿನಿಗಿಂತ ಕಾತ್ಯಾಯನನೂ ಅವನಿಗಿಂತ ಪತಂಜಲಿಯೂ ಹೆಚ್ಚು ಪ್ರಮಾಣ, ಮುಂದಿನವನೇ ಮಾನ್ಯ, ಎನ್ನುವರು. ಆ ಲೆಕ್ಕದಲ್ಲಿ ಶಂಕರನಾಗ್ ಅವರೇ ಪತಂಜಲಿ, ಆಗುಂಬೆಯು ಗೆದ್ದಿತು. ಎಲ್ಲರೂ ನಕ್ಕರು. ಆದರೆ ಮುಂದಿನವರೆಲ್ಲರೂ ಪತಂಜಲಿಗಳಲ್ಲ. 1965ರ ‘ಗೈಡ್’ ಹಿಂದೀ ಚಿತ್ರದವರಿಗೆ ನಾರಾಯಣರು ಮೈಸೂರಿನ ಸುತ್ತ ತಮ್ಮ ಕಥೆಯ ಸ್ಥಳಗಳನ್ನು ತಾವೇ ತೋರಿಸಿದ್ದರು. ಆ ಮೇಲೆ ಅವರು ಮಾಲ್ಗುಡಿಯನ್ನು ಬಿಟ್ಟು ರಾಜಸ್ಥಾನಕ್ಕೆ ಹೋದರು. ನಾರಾಯಣರು ಆ ನೋವನ್ನು ಒಂದು ಪ್ರಬಂಧದಲ್ಲಿ ನಗುತ್ತಲೇ ತೋಡಿಕೊಂಡಿದ್ದಾರೆ. ಕಟ್ಟಿದವನಿಗೆ ತನ್ನ ಊರಿನ ಮೇಲೆ ಅಷ್ಟು ಹಕ್ಕಾದರೂ ಬೇಡವೆ? ಆದರೆ ಶಂಕರನಾಗ್ ಅವರ ಕೆಲಸವನ್ನು ಅವರು ಮೆಚ್ಚಿದರು. ಅದರ ಚಿತ್ರಗಳನ್ನು ಬರೆದವರು ಅವರ ತಮ್ಮ ಲಕ್ಷ್ಮಣರೇ.

ನಮ್ಮ ಮಲೆನಾಡಿಗೆ ಇದೇನು ಹೊಸದಲ್ಲ. ಇದೇ ತೀರ್ಥಹಳ್ಳಿ ತಾಲೂಕಿನಲ್ಲಿ ಮೃಗವಧೆ ಎಂಬ ಊರಿದೆ. ರಾಮನು ಮಾಯಾಮೃಗವನ್ನು ಕೊಂದದ್ದು ಅಲ್ಲಿ ಎನ್ನುತ್ತಾರೆ. ವಾಲ್ಮೀಕಿಯ ಪಂಚವಟಿ ಗೋದಾವರಿಯ ತೀರದಲ್ಲಿದೆಯಲ್ಲ ಎಂದು ನಾವು ಚಿಕ್ಕಂದಿನಲ್ಲಿ ಕೇಳಿದಾಗ ನಮ್ಮ ತಂದೆಯವರು, “ಜಿಂಕೆ ಓಡುತ್ತದಷ್ಟೆ” ಎಂದಿದ್ದರು. ಲಕ್ಷ್ಮಣರೇಖೆಯೂ ವಾಲ್ಮೀಕಿಯಲ್ಲಿಲ್ಲ, ಅದನ್ನು ಬಿಟ್ಟು ಮಕ್ಕಳಿಗೆ ರಾಮಾಯಣ ಹೇಳುವ ಅಜ್ಜಿ ಯಾರಿದ್ದಾರೆ?

ಅಜ್ಜಿ ಎಂದೊಡನೆ ನಮಗೆ ಒಂದು ಹಳೆಯ ತಪ್ಪು ನೆನಪಾಯಿತು. ನಾವು ಕೆಲಸದಲ್ಲಿದ್ದಾಗ, ಇಂಗ್ಲಿಷ್ ಮೇಷ್ಟ್ರು ರಜೆಯಲ್ಲಿದ್ದುದರಿಂದ ಅವರ ತರಗತಿಯ ಕಿರುಪರೀಕ್ಷೆಯ ಉತ್ತರಗಳನ್ನು ನಾವು ತಿದ್ದಬೇಕಾಯಿತು. ಮಾಲ್ಗುಡಿ ಎಲ್ಲಿದೆ ಎಂಬ ಪ್ರಶ್ನೆಗೆ ಒಂದು ಅಂಕ. ದಕ್ಷಿಣ ಭಾರತದ ಒಂದು ಕಲ್ಪಿತ ಪಟ್ಟಣ ಎಂಬುದು ಉತ್ತರ. ಒಬ್ಬ ಹುಡುಗನು, ಮಾಲ್ಗುಡಿಯು ತೀರ್ಥಹಳ್ಳಿ ತಾಲೂಕಿನಲ್ಲಿದೆ, ನಮ್ಮ ಅಜ್ಜಿ ಸ್ವಾಮಿಗೆ ಮಜ್ಜಿಗೆ ಕೊಟ್ಟಿದ್ದಾರೆ, ಎಂದು ಬರೆದಿದ್ದನು. ನಾವು ಸೊನ್ನೆ ಸುತ್ತಿ, ತರಗತಿಯಲ್ಲಿ ಓದಿ ಎಲ್ಲರನ್ನೂ ನಗಿಸಿದೆವು. ಮುಂದಿನ ವಾರ ದೇವಸ್ಥಾನದ ಮೆಟ್ಟಿಲಲ್ಲಿ ಆ ಮುದುಕಿ ನಮ್ಮನ್ನು ತಡೆದು, “ಮೇಷ್ಟ್ರೇ, ಬಿಸಿಲಲ್ಲಿ ನಿಂತಿತ್ತು ಮಗು, ಲೋಟ ತುಂಬ ಮಜ್ಜಿಗೆ ಕೊಟ್ಟೆ. ಅದು ಸುಳ್ಳೇನು?” ಎಂದು ಕೇಳಿದಳು. ಸುಳ್ಳಲ್ಲವಮ್ಮ ಎನ್ನಬೇಕಾಗಿತ್ತು. ನಾವು ಗಂಟಲು ಸರಿಮಾಡಿಕೊಂಡು ಒಳಗೆ ಹೋದೆವು. ಆಕೆ ತೀರಿಕೊಂಡು ಬಹಳ ವರ್ಷವಾಯಿತು.

ಇದನ್ನು ಜಗಲಿಯ ಮೇಲೆ ಹೇಳಿದ ಮೇಲೆ ಮಕ್ಕಳು ಯಾರೂ ನಗಲಿಲ್ಲ. ಮದರಾಸಿನ ಹುಡುಗಿ ಒಳಗಿನಿಂದ ‘ಮಾಲ್ಗುಡಿ ಡೇಸ್’ ಕಥಾಸಂಗ್ರಹವನ್ನು ತಂದು, 1982ರ ಆವೃತ್ತಿಗೆ ನಾರಾಯಣರು ಬರೆದ ಮುನ್ನುಡಿಯನ್ನು ತೋರಿಸಿದಳು. ಮಾಲ್ಗುಡಿಯು ಯಾವ ಭೂಪಟದಲ್ಲಿಯೂ ಇಲ್ಲವೆನ್ನುತ್ತಾರೆ. ಒಡನೆಯೇ ಷಿಕಾಗೊ ವಿಶ್ವವಿದ್ಯಾನಿಲಯದ ಮುದ್ರಣಾಲಯದವರು ಒಂದು ಸಾಹಿತ್ಯ ಭೂಪಟದಲ್ಲಿ ಅದನ್ನು ಗುರುತಿಸಿಬಿಟ್ಟಿದ್ದಾರೆಂದೂ ಸೇರಿಸುತ್ತಾರೆ. ಅದನ್ನು ದಕ್ಷಿಣ ಭಾರತದ ಒಂದು ಸಣ್ಣ ಊರು ಎಂದರೆ ಅರ್ಧಸತ್ಯವೇ ಆಗುವುದು, ಆ ಊರಿನ ಜನ ತಮಗೆ ನ್ಯೂಯಾರ್ಕಿನ ಬೀದಿಯಲ್ಲಿಯೂ ಕಾಣಸಿಗುವರು, ಎಂಬುದು ಅವರ ಮಾತಿನ ಸಾರಾಂಶ.

ಎಂದಮೇಲೆ ನಾವು ಅಂದು ಪೂರ್ಣ ಅಂಕ ಕೊಟ್ಟದ್ದೆಲ್ಲವೂ ಅರ್ಧಸತ್ಯಕ್ಕೆ!

ಆ ಹುಡುಗನು ಈಗ ನಲವತ್ತು ದಾಟಿದವನು. ಅಡಿಕೆ ತೋಟ ಮಾಡಿಕೊಂಡಿದ್ದಾನೆ. ವಿಜಯದಶಮಿಯ ದಿನ ವೀಳ್ಯದೆಲೆಯ ಕಟ್ಟು ಹಿಡಿದು ನಮಸ್ಕರಿಸಲು ಬಂದಿದ್ದನು. ಅವನನ್ನು ಕೂರಿಸಿ ಮುನ್ನುಡಿಯನ್ನು ಓದಿ ಹೇಳಿ, ಅರ್ಧ ಅಂಕವನ್ನು ಕೊಟ್ಟಿರುವೆವೆಂದು ತಿಳಿಸಿದೆವು. ಅವನು ಬಹಳ ಹೊತ್ತು ಯೋಚಿಸಿ, “ಮೇಷ್ಟ್ರೇ, ಮಾಲ್ಗುಡಿಗೆ ಅರ್ಧ ಸರಿ. ಮಜ್ಜಿಗೆಗೆ?” ಎಂದನು.